ಲಮ್ಮಸ್‌ಲುವೊತೊದಿಂದ ಬಂದ ಲಕೋಟೆ

ಏಪ್ರಿಲ್ ಕಡೆಯ ವಾರ. ಹಿಮ ಇನ್ನೂ ಚರಂಡಿ ಬದಿಯಲ್ಲಿ
ಒಗೆಯದ ಬಟ್ಟೆಯ ಹಾಗೆ ಬಿದ್ದುಕೊಂಡಿದೆ.
ಟಪಾಲಿನವಳು ಚೀಲ ಸುರಿದು ಹೋದಳು.
ಕೈಗವಸು ತೊಟ್ಟು, ದೀಪ ಬಗ್ಗಿಸಿ,
ಕತ್ತರಿ ಹಿಡಿದು ಕೂತೆ.

ಬೆಂಕಿಪೊಟ್ಟಣದಲ್ಲಿ ಕಳಿಸುತ್ತಾರೆ, ಮಾತ್ರೆಡಬ್ಬಿಯಲ್ಲಿ,
ಅಂಟುಟೇಪಿನ ನಡುವೆ ಅಪ್ಪಚ್ಚಿ ಮಾಡಿ,
ಒಬ್ಬರಂತೂ ಮದುವೆ ಕರೆಯೋಲೆಯ ಕವರಿನಲ್ಲಿ.
ಎಳ್ಳುಕಾಳಿನಷ್ಟು ಜೀವ, ಎಂಟು ಕಾಲು.
ಕೆಲವಕ್ಕೆ ಇನ್ನೂ ನಡಿಗೆ ಮುಗಿದಿರುವುದಿಲ್ಲ.

ಎಲ್ಲಿ, ಯಾವತ್ತು, ಯಾರ ಮೈಮೇಲೆ
ಇಷ್ಟು ಬರೆದರೆ ಸಾಕು ಅಂತ ಕೇಳಿದ್ದೇವೆ.
ಜನ ಇಷ್ಟಕ್ಕೇ ನಿಲ್ಲಿಸುತ್ತಾರೆಯೇ?

"ಮಗಳ ಕಿವಿ ಹಿಂದೆ. ಭಾನುವಾರ, ಸೌನಾದಲ್ಲಿ ಕಂಡಿತು.
ಕಿರುಚಿದ್ದು ಅವಳಲ್ಲ, ನಾನು."
"ಅಮ್ಮನ ಗೋರಿಯ ಹುಲ್ಲು ಕೀಳುವಾಗ. ಎಡ ಮೊಣಕಾಲು."
"ಬ್ಲೂಬೆರಿ ಕಾಡಿನಲ್ಲಿ.
ಯಾವ ಕಾಡು ಅಂತ ಮಾತ್ರ ಹೇಳಲಾರೆ."

ಒಂದೊಂದಕ್ಕೂ ಗೋಡೆಯ ನಕ್ಷೆಯಲ್ಲಿ ಒಂದು ಕೆಂಪು ಗುಂಡುಸೂಜಿ.
ಜೂನ್ ಬರುವಷ್ಟರಲ್ಲಿ ಕರಾವಳಿಗೆ ದಡಾರ ಎದ್ದಿರುತ್ತದೆ.
ಹೊಸ ಹುಡುಗ ಎಲ್ಮೆರಿ ಕೇಳಿದ:
"ಬಡಗಲಲ್ಲಿ ಇಷ್ಟು ಬಿಳಿ ಜಾಗ. ಅಲ್ಲಿ ಉಣ್ಣಿಯೇ ಇಲ್ಲವೇ?"
ಇರಬಹುದು. ಬಗ್ಗಿ ತಮ್ಮ ಮೀನಖಂಡ ನೋಡಿಕೊಳ್ಳುವವರು
ಅಲ್ಲಿಲ್ಲ, ಅಷ್ಟೆ.
ಇದು ಉಣ್ಣಿಯ ನಕ್ಷೆ ಅಂದುಕೊಂಡೆಯಾ, ಮರಿ?
ಯಾವ ಊರಲ್ಲಿ ಯಾರು ಯಾರ ಮೈ ತಡವಿ ನೋಡುತ್ತಾರೆ,
ಅದರ ನಕ್ಷೆ.

ಲಮ್ಮಸ್‌ಲುವೊತೊ: ಕುರಿಗಳ ನಡುಗಡ್ಡೆ ಅಂತ ಅರ್ಥ.
ಕುರಿಗಳು ಹೋಗಿ ಮೂವತ್ತು ವರ್ಷ.
ಉಣ್ಣೆ ಹೋಯಿತು, ಉಣ್ಣಿ ಉಳಿಯಿತು.
ಅಲ್ಲಿಂದ ಪ್ರತಿ ಸೋಮವಾರದ ತಾರೀಖು ಹಾಕಿ
ನೀಲಿ ಶಾಯಿಯಲ್ಲಿ ಓಯ್ವ ಎಂಬಾತ ಬರೆಯುತ್ತಾನೆ.
ನೋಡಿಲ್ಲ ನಾನವನನ್ನು.

"ನಾಯಿ ಮುರು. ಬಲ ಕಿವಿ. ಎರಡು. ನೀರು ಆರು ಡಿಗ್ರಿ."
"ಮುರು. ಕತ್ತು. ಐದು.
ದೋಣಿಮನೆ ಹತ್ತಿರದ ಹುಲ್ಲು ಕೊಯ್ದಿಲ್ಲ, ತಪ್ಪು ನನ್ನದು."
ಮುರು ಅಂದರೆ ನಮ್ಮಲ್ಲಿ ರೊಟ್ಟಿಯ ಚೂರು.
ನಾಲ್ಕು ಬೇಸಿಗೆ ಆ ಚೂರಿನ ಮೈಯಿಂದಲೇ
ಆ ಸಮುದ್ರದಂಚಿನಲ್ಲಿ ಉಣ್ಣಿ ಯಾವಾಗ ಕಣ್ಣು ಬಿಡುತ್ತದೆ,
ಯಾವಾಗ ಮುದುಡುತ್ತದೆ ಅಂತ ತಿಳಿದುಕೊಂಡೆವು.
ಉಣ್ಣಿಗೆ ಕಣ್ಣಿಲ್ಲ, ಗೊತ್ತು. ಮಾತಿಗೆ ಹೇಳಿದೆ.

ಹೋದ ಆಗಸ್ಟ್:
"ನಾನು. ಎಡ ತೊಡೆ. ಒಂದು."
ಮರುವಾರ:
"ನಾನು. ಸೊಂಟದ ಹಿಂದೆ. ಕೈ ಎಟುಕಲಿಲ್ಲ,
ಎರಡು ಕನ್ನಡಿ ಇಟ್ಟು ತೆಗೆದೆ."
ಆತಿಥೇಯ ಎಂಬ ಕಲಮಿನಲ್ಲಿ
ನಾಯಿ ಅಳಿಸಿ ಮನುಷ್ಯ ಅಂತ ಒತ್ತಿದೆ.
ಕಂಪ್ಯೂಟರು ತಕ್ಷಣ ಒಪ್ಪಿಕೊಂಡಿತು.

ಇವತ್ತು ಮತ್ತೆ ಅದೇ ನೀಲಿ ಶಾಯಿ.
ಕತ್ತರಿಸಿದೆ, ತಟ್ಟಿದೆ, ದೀಪಕ್ಕೆ ಹಿಡಿದೆ,
ಮೂಲೆಗೆಲ್ಲ ಚಿಮಟ ಆಡಿಸಿದೆ.
ಇದ್ದದ್ದು ಚೀಟಿ ಮಾತ್ರ.

"ಮುರುವಿನ ಕಂಬಳಿಯನ್ನು ಹುಲ್ಲಿನ ಮೇಲೆ ಎಳೆದುಕೊಂಡು
ನಡುಗಡ್ಡೆ ಒಂದು ಸುತ್ತು ಬಂದೆ. ಅವನಿರುವಲ್ಲೂ, ಜುನಿಪರ್ ಕೆಳಗೆ.
ಕಂಬಳಿ ತಿರುಗಿಸಿ ತಿರುಗಿಸಿ ನೋಡಿದೆ. ಅವನ ಕೂದಲಿತ್ತು.
ಉಣ್ಣಿ ಸಿಗಲಿಲ್ಲ.
ಸಿಗದಿದ್ದರೂ ಬರೆಯಬೇಕೋ ತಿಳಿಯಲಿಲ್ಲ. ನೀರು ನಾಲ್ಕು ಡಿಗ್ರಿ."

ಸೊನ್ನೆ ಒತ್ತಿದೆ. ಪರದೆ ಕೆಂಪಾಯಿತು:
ಸಂಖ್ಯೆ ಒಂದು ಅಥವಾ ಹೆಚ್ಚು ಇರಬೇಕು.
ಮತ್ತೆ ಒತ್ತಿದೆ. ಮತ್ತೆ ಕೆಂಪು.
ಡ್ರಾಯರು ತಡಕಾಡಿದಾಗ ಬಿಳಿ ತಲೆಯ ಸೂಜಿಯೊಂದು ಸಿಕ್ಕಿತು.
ಕುರ್ಚಿ ಹತ್ತಿ, ಸಮುದ್ರದ ನೀಲಿಯಲ್ಲಿ ಚುಚ್ಚಿ ಇಳಿದೆ.

"ಅದೇನು?" ಅಂದ ಎಲ್ಮೆರಿ.
"ಅಲ್ಲಿ ಒಬ್ಬರು ನೋಡಿದ್ದಾರೆ."

ಆಮೇಲೆ ಕಾರ್ಡು ತೆಗೆದು ಬರೆದೆ:
ಬರೆಯಬೇಕು. ಸಿಗದಿದ್ದರೂ.
ಇನ್ನೇನಾದರೂ ಸೇರಿಸೋಣವೆಂದು ತುಸು ಹೊತ್ತು ಕೂತು,
ಗುರುವಾರದ ದೋಣಿ ತಪ್ಪಬಾರದೆಂದು
ಹಾಗೇ ಅಂಚೆಚೀಟಿ ಅಂಟಿಸಿದೆ.